ಸುಧೆ, ಗಾರೆ, ಲೇಪ: ವಿಶಾಖಪಟ್ಟಣ–ವಿಜಯವಾಡಗಳ ಗೋಡೆಗಳಿಂದ ರಸಾಯನಶಾಸ್ತ್ರದ ಬೋಧನೆಗೆ ಕೆಲವು ಪಾಠಗಳು

೧

‘ಸೌಧ’ ಎಂಬ ಶಬ್ದವನ್ನು ನಾವಿಂದು ಭವ್ಯವಾದ ಕಟ್ಟಡ ಎಂಬ ಅರ್ಥದಲ್ಲಿ ಬಳಸುತ್ತೇವೆ. ಅದರ ಮೂಲಾರ್ಥ ‘ಸುಧೆಯನ್ನು ಬಳಿದುದು’ ಎಂದು. ಸಂಸ್ಕೃತದಲ್ಲಿ ಅಮೃತಕ್ಕೂ ಸುಣ್ಣಕ್ಕೂ ಸುಧೆ ಎಂಬ ಒಂದೇ ಹೆಸರಿದೆ. ೧೯೫೬ರಲ್ಲಿ ಪೂರ್ಣಗೊಂಡ ಬೆಂಗಳೂರಿನ ವಿಧಾನಸೌಧ ಕಣಶಿಲೆಯಿಂದ ಕಟ್ಟಿದ್ದಾದರೂ ಹೆಸರಿನಲ್ಲಿ ಸುಣ್ಣವನ್ನು ಉಳಿಸಿಕೊಂಡಿದೆ. ಕನ್ನಡದ ‘ಸುಣ್ಣ’, ತೆಲುಗಿನ ‘ಸುನ್ನಂ’, ತಮಿಳಿನ ‘ಸುಣ್ಣಾಂಬು’ ಇವೆಲ್ಲ ಸಂಸ್ಕೃತದ ‘ಚೂರ್ಣ’ ಶಬ್ದಕ್ಕೆ ಸಂಬಂಧಿಸಿದವು. ಆಂಗ್ಲರು ಮದರಾಸಿನಲ್ಲಿ ಕೇಳಿ ‘ಚುನಾಂ’ ಎಂದು ಬರೆದುಕೊಂಡುದೂ ಇದನ್ನೇ. ‘ಗಚ್ಚು’ ಪಾರಸಿಯಿಂದ ಬಂದುದು. ಹೀಗೆ ಗೋಡೆಯ ಮೇಲಿನ ಒಂದು ತೆಳುವಾದ ಪದರಕ್ಕೆ ಹಲವು ಭಾಷೆಗಳು ಹೆಸರು ಕೊಟ್ಟಿವೆ.

ಕಟ್ಟಡವನ್ನು ಮಳೆ, ಬಿಸಿಲು, ಉಪ್ಪುಗಾಳಿಗಳಿಂದ ಕಾಯುವ ಲೇಪಗಳನ್ನು ಪರಿಸರಕ್ಕೆ ಹಾನಿಯಾಗದಂತೆ ತಯಾರಿಸುವುದು ಇಂದು ‘ಹಸಿರು ರಸಾಯನಶಾಸ್ತ್ರ’ದ ಮುಖ್ಯ ವಿಷಯಗಳಲ್ಲಿ ಒಂದಾಗಿದೆ. ಪಾಲ್ ಅನಾಸ್ಟಾಸ್ ಮತ್ತು ಜಾನ್ ವಾರ್ನರ್ ಅವರು ೧೯೯೮ರಲ್ಲಿ ಪ್ರಕಟಿಸಿದ ಹನ್ನೆರಡು ತತ್ತ್ವಗಳು ಈ ಶಾಸ್ತ್ರಕ್ಕೆ ತಳಹದಿಯಾಗಿವೆ. ಪ್ರಸ್ತುತ ಲೇಖನದಲ್ಲಿ ಈ ವಿಷಯವನ್ನು ಆಂಧ್ರಪ್ರದೇಶದ ವಿಶಾಖಪಟ್ಟಣ ಮತ್ತು ವಿಜಯವಾಡಗಳ ಚರಿತ್ರೆಯ ಹಿನ್ನೆಲೆಯಲ್ಲಿ ಪರಿಶೀಲಿಸಿ, ಅದರಿಂದ ರಸಾಯನಶಾಸ್ತ್ರದ ಬೋಧನೆಗೆ ಏನು ದೊರೆಯುತ್ತದೆ ಎಂಬುದನ್ನು ಕಾಣಲು ಯತ್ನಿಸಿದ್ದೇವೆ. ಕನ್ನಡ ಪೀಠಕ್ಕೂ ಈ ವಿಷಯಕ್ಕೂ ಏನು ಸಂಬಂಧ ಎಂದು ಓದುಗರು ಕೇಳಬಹುದು. ವೆಂಗಿಯ ಚಾಲುಕ್ಯ ರಾಜ್ಯವನ್ನು ಸ್ಥಾಪಿಸಿದ ಕುಬ್ಜ ವಿಷ್ಣುವರ್ಧನನು ಬಾದಾಮಿಯ ಇಮ್ಮಡಿ ಪುಲಕೇಶಿಯ ತಮ್ಮ. ಪಂಪನ ಪೂರ್ವಿಕರು ವೆಂಗಿ ನಾಡಿನವರು. ಕೃಷ್ಣಾ ತೀರದೊಡನೆ ಕನ್ನಡದ ಸಂಬಂಧ ಹಳೆಯದು. ವಿದ್ಯಾಭ್ಯಾಸದ ಕ್ಷೇತ್ರದಲ್ಲಿ ಅದು ಹೇಗೆ ಮುಂದುವರಿಯಿತೆಂಬುದು ಮುಂದೆ ತಿಳಿಯುತ್ತದೆ.

೨

ಲೇಪಗಳ ವಿಷಯದಲ್ಲಿ ನಮ್ಮ ಪ್ರಾಚೀನ ಗ್ರಂಥಗಳು ಮೌನವಾಗಿಲ್ಲ. ಆರನೆಯ ಶತಮಾನದ ವರಾಹಮಿಹಿರನ ‘ಬೃಹತ್ಸಂಹಿತೆ’ಯಲ್ಲಿ ‘ವಜ್ರಲೇಪ’ಕ್ಕೆ ಒಂದು ಪ್ರತ್ಯೇಕ ಅಧ್ಯಾಯವೇ ಇದೆ. ತುಂಬುರದ ಎಳೆಗಾಯಿ, ಬೇಲದ ಕಾಯಿ, ಬೂರುಗದ ಹೂವು ಮೊದಲಾದುವನ್ನು ನೀರಿನಲ್ಲಿ ಕುದಿಸಿ ಎಂಟನೆಯ ಒಂದು ಭಾಗಕ್ಕೆ ಇಳಿಸಿ, ಅದಕ್ಕೆ ಗುಗ್ಗುಳ, ಗೇರುಬೀಜ, ಸರ್ಜರಸ, ಅಗಸೆ, ಬಿಲ್ವ ಇತ್ಯಾದಿಗಳನ್ನು ಸೇರಿಸಿ, ಬಿಸಿಯಾಗಿರುವಾಗಲೇ ದೇವಾಲಯ, ಮಾಳಿಗೆ, ಪ್ರತಿಮೆ, ಗೋಡೆ, ಬಾವಿಗಳಿಗೆ ಬಳಿಯಬೇಕೆಂದು ಅಲ್ಲಿ ಹೇಳಿದೆ. ಇದು ಕೋಟಿ ವರ್ಷ ನಿಲ್ಲುತ್ತದೆಂಬ ಮಾತನ್ನು ಅತಿಶಯೋಕ್ತಿ ಎಂದು ಬಿಟ್ಟರೂ, ಆಯ್ದ ಪದಾರ್ಥಗಳಲ್ಲಿ ಒಂದು ಕ್ರಮವಿರುವುದನ್ನು ಗಮನಿಸಬೇಕು. ಎಳೆಗಾಯಿಗಳಲ್ಲಿ ಒಗರಿನ ಟ್ಯಾನಿನ್ನುಗಳಿವೆ. ಗುಗ್ಗುಳ, ಸರ್ಜರಸಗಳು ನೀರಿನಲ್ಲಿ ಕರಗದ ರಾಳಾಂಶವುಳ್ಳವು. ಅಗಸೆಯ ಎಣ್ಣೆ ಗಾಳಿಯ ಆಮ್ಲಜನಕವನ್ನು ಹೀರಿ ಗಟ್ಟಿಯಾದ ಪೊರೆಯಾಗುತ್ತದೆ. ಈಚಿನ ಎಣ್ಣೆಬಣ್ಣಗಳ ಮೂಲತತ್ತ್ವವೂ ಈ ಕೊನೆಯದೇ ಆಗಿದೆ.

ಇದೇ ಹೆಸರಿನ ಲೇಪ ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ, ಎಂದರೆ ಹನ್ನೆರಡನೆಯ ಶತಮಾನದಲ್ಲಿ, ಬೇರೆಯೇ ರೂಪದಲ್ಲಿ ಬರುತ್ತದೆ. ಚಿತ್ರ ಬರೆಯುವ ಗೋಡೆಯನ್ನು ಸುಣ್ಣದಿಂದ ಸಿದ್ಧಗೊಳಿಸುವ ಪ್ರಸಂಗದಲ್ಲಿ ಹೇಳಿರುವ ವಜ್ರಲೇಪವು ಎಮ್ಮೆಯ ಚರ್ಮವನ್ನು ಕುದಿಸಿ ಪಡೆದ ಅಂಟು. ಒಂದರಲ್ಲಿ ಸಸ್ಯದ ರಾಳ, ಇನ್ನೊಂದರಲ್ಲಿ ಪ್ರಾಣಿಯ ಪ್ರೋಟೀನು. ಹೆಸರು ಮಾತ್ರ ಒಂದೇ. ಪ್ರಾಚೀನರ ‘ಒಂದು’ ಲೇಪವನ್ನು ಕುರಿತು ಮಾತನಾಡುವವರು ಇದನ್ನು ಮರೆಯಬಾರದು. ಹೆಸರಿನಿಂದ ಪದಾರ್ಥವನ್ನು ನಿರ್ಣಯಿಸಲಾಗದು ಎಂಬುದು ನಮಗಿಲ್ಲಿ ದೊರೆಯುವ ಮೊದಲ ಪಾಠ. ‘ಹಸಿರು’ ಎಂಬ ಹೆಸರಿಗೂ ಇದು ಅನ್ವಯಿಸುತ್ತದೆ.

೩

ವಿಜಯವಾಡದ ಎದುರು ದಡದಲ್ಲಿ ಉಂಡವಲ್ಲಿಯ ನಾಲ್ಕಂತಸ್ತಿನ ಗುಹಾಲಯವಿದೆ. ಅಲ್ಲಿಂದ ಪಶ್ಚಿಮಕ್ಕೆ ಕೃಷ್ಣೆಯ ದಡವನ್ನೇ ಹಿಡಿದು ಹೋದರೆ ಅಮರಾವತಿ. ಅಮರಾವತಿಯ ಸ್ತೂಪದ ಶಿಲ್ಪಗಳನ್ನು ಅಮೃತಶಿಲೆಯವೆಂದು ಹಿಂದಿನವರು ಬರೆದಿದ್ದರೂ ಅವು ವಸ್ತುತಃ ಪಲ್ನಾಡಿನ ಸುಣ್ಣಕಲ್ಲಿನವು. ಈ ಒಂದು ರಾಸಾಯನಿಕ ಸಂಗತಿಯೇ ಆ ಶಿಲ್ಪಗಳಿಗೆ ಮುಳುವಾಯಿತು. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಜಮೀನ್ದಾರ ವಾಸಿರೆಡ್ಡಿ ವೆಂಕಟಾದ್ರಿ ನಾಯುಡು ಅಮರಾವತಿಯನ್ನು ತನ್ನ ರಾಜಧಾನಿಯಾಗಿ ಮಾಡಿಕೊಂಡಾಗ, ಹೊಸ ಕಟ್ಟಡಗಳಿಗೆ ಬೇಕಾದ ಸಾಮಗ್ರಿಗಾಗಿ ದಿಬ್ಬವನ್ನು ಅಗೆಯಲಾಯಿತು. ಆ ಸುಮಾರಿಗೆ ಅಲ್ಲಿಗೆ ಬಂದ ಕಾಲಿನ್ ಮೆಕೆಂಜಿ ಸ್ತೂಪದ ಅವಶೇಷಗಳನ್ನು ಮೊದಲ ಬಾರಿಗೆ ವಿದ್ವಲ್ಲೋಕದ ಗಮನಕ್ಕೆ ತಂದನು. ಶ್ರೀರಂಗಪಟ್ಟಣದ ಪತನದ ತರುವಾಯ ಮೈಸೂರು ಸೀಮೆಯನ್ನು ಅಳತೆ ಮಾಡಿಸಿದ ಮೆಕೆಂಜಿಯೇ ಈತ. ೧೮೧೬ರಲ್ಲಿ ಈತನು ಮತ್ತೆ ಕೆಲಸಕ್ಕೆ ತೊಡಗುವ ವೇಳೆಗೆ ಬಹಳಷ್ಟು ನಾಶವಾಗಿತ್ತು. ಮುಂದೆ ೧೮೪೫ರಲ್ಲಿ ವಾಲ್ಟರ್ ಎಲಿಯಟ್, ೧೮೭೭ರಲ್ಲಿ ರಾಬರ್ಟ್ ಸಿವೆಲ್ ಉತ್ಖನನ ನಡೆಸಿದರು. ಕೆತ್ತನೆಯ ಚಪ್ಪಡಿಗಳು ಕಟ್ಟಡಗಳಿಗೆ ಸೇರಿಹೋದುದನ್ನೂ, ಅವುಗಳಲ್ಲಿ ಕೆಲವನ್ನು ಸುಣ್ಣಕ್ಕಾಗಿ ಸುಟ್ಟುದನ್ನೂ ಹತ್ತೊಂಬತ್ತನೆಯ ಶತಮಾನದ ಬರಹಗಳು ಹೇಳುತ್ತವೆ.

ಸುಣ್ಣದ ಗೂಡಿಗೆ ಕೆತ್ತಿದ ಕಲ್ಲೂ ಕೆತ್ತದ ಕಲ್ಲೂ ಒಂದೇ. ಎರಡೂ ಕ್ಯಾಲ್ಸಿಯಂ ಕಾರ್ಬೊನೇಟು. ಸುಮಾರು ೯೦೦ ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಎರಡೂ ಇಂಗಾಲದ ಡೈಆಕ್ಸೈಡನ್ನು ಬಿಟ್ಟುಕೊಟ್ಟು ಸುಟ್ಟಸುಣ್ಣವಾಗುತ್ತವೆ. ಯಾವುದನ್ನು ಸುಡಬಹುದು, ಯಾವುದನ್ನು ಸುಡಬಾರದು ಎಂಬುದನ್ನು ಸಮೀಕರಣ ಹೇಳಲಾರದು. ಒಂದು ಗೋಡೆಗೆ ರಕ್ಷಣೆಯಾದ ಲೇಪ ಇನ್ನೊಂದು ಗೋಡೆಯ ನಾಶದಿಂದ ಬಂದಿರಬಹುದು. ಲೇಪದ ಗುಣದೋಷಗಳನ್ನು ಅದು ಗೋಡೆಗೆ ಅಂಟಿದ ಮೇಲೆ ಮಾತ್ರ ನೋಡಿದರೆ ಸಾಲದು. ಕಲ್ಲು ಎಲ್ಲಿಂದ ಬಂತು, ಸೌದೆ ಎಲ್ಲಿಂದ ಬಂತು ಎಂದೂ ಕೇಳಬೇಕು.

೪

ಕರಾವಳಿಯಲ್ಲಿ ಸುಣ್ಣದ ಮೂಲ ಬೇರೆ. ಕೋರಮಂಡಲ ತೀರದಲ್ಲಿ ಚಿಪ್ಪುಗಳನ್ನು ಸುಟ್ಟು ತಯಾರಿಸಿದ ಸುಣ್ಣದಿಂದ ಹೊಳಪಿನ ಗಾರೆಯನ್ನು ಮಾಡುತ್ತಿದ್ದರು. ಸೇಂಟ್ ಹೆಲೆನಾ ದ್ವೀಪದ ಗವರ್ನರನಾಗಿದ್ದ ಐಸಾಕ್ ಪೈಕ್ ಎಂಬಾತನು ಮದರಾಸಿನಲ್ಲಿ ಉತ್ತಮವಾದ ಗಾರೆಯನ್ನು ತಯಾರಿಸುವ ವಿಧಾನವನ್ನು ಕುರಿತು ಬರೆದ ಲೇಖನ ೧೭೩೨ರ ಸುಮಾರಿಗೆ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಅಚ್ಚಾಯಿತು. ಸುಣ್ಣ ಮರಳುಗಳಿಗೆ ಬೆಲ್ಲದ ನೀರು, ಬೇಯಿಸಿದ ಕಾಳಿನ ಗಂಜಿ, ಅಳಲೆಕಾಯಿಯ ಕಷಾಯ ಇವುಗಳನ್ನು ಸೇರಿಸಬೇಕೆಂದೂ, ಮೇಲಿನ ನಯವಾದ ಪದರಕ್ಕೆ ಮೊಟ್ಟೆಯ ಬಿಳಿ, ತುಪ್ಪ, ಮೊಸರು ಬೇಕೆಂದೂ ಅದರಲ್ಲಿದೆ. ನಮ್ಮ ಗಾರೆ ಕೆಲಸದವರ ಅರಿವು ಯುರೋಪಿನ ವಿಜ್ಞಾನ ಪತ್ರಿಕೆಯೊಂದರ ಪುಟಗಳಿಗೆ ಇಷ್ಟು ಮೊದಲೇ ಸೇರಿತ್ತೆಂಬುದು ಗಮನಾರ್ಹ. ಆ ಕೆಲಸಗಾರರ ಹೆಸರುಗಳು ಸೇರಲಿಲ್ಲ ಎಂಬುದೂ ಅಷ್ಟೇ ಗಮನಾರ್ಹ.

ಈ ಪದಾರ್ಥಗಳು ಮಾಡುವ ಕೆಲಸವನ್ನು ಇಂದಿನ ರಸಾಯನಶಾಸ್ತ್ರ ವಿವರಿಸಬಲ್ಲದು. ಬೆಲ್ಲದ ಸಕ್ಕರೆ ಸುಣ್ಣವನ್ನು ನೀರಿನಲ್ಲಿ ಹೆಚ್ಚಾಗಿ ಕರಗಿಸಿ, ಗಾರೆ ಬೇಗ ಬಿಗಿಯದಂತೆ ತಡೆಯುತ್ತದೆ. ಮೊಸರಿನ ಕೇಸೀನ್ ಎಂಬ ಪ್ರೋಟೀನು ಸುಣ್ಣದೊಡನೆ ಕೂಡಿ ನೀರಿಗೆ ಸುಲಭವಾಗಿ ಬಿಡದ ಅಂಟಾಗುತ್ತದೆ. ತುಪ್ಪದ ಮೇದಾಮ್ಲಗಳು ಸುಣ್ಣದೊಡನೆ ವರ್ತಿಸಿ ಕ್ಯಾಲ್ಸಿಯಂ ಸಾಬೂನಾಗುತ್ತವೆ. ಈ ಸಾಬೂನು ನೀರಿನಲ್ಲಿ ಕರಗದು, ಆದುದರಿಂದ ಮಳೆನೀರನ್ನು ಒಳಗೆ ಬಿಡದು. ಕೊಳವೆ ನೀರು ಗಡುಸಾಗಿದ್ದಾಗ ಬಟ್ಟೆಯ ಮೇಲೆ ಕೂರುವ ಬಿಳಿಯ ಗಷ್ಟೂ ಇದೇ ಜಾತಿಯದು. ಗೃಹಿಣಿಗೆ ಕಿರಿಕಿರಿಯಾದ ವರ್ತನೆ ಗಾರೆಯವನಿಗೆ ವರವಾಗಿದೆ.

ಇನ್ನು ಸುಣ್ಣದ ಲೆಕ್ಕವನ್ನು ನೋಡೋಣ. ೧೦೦ ಕಿಲೋಗ್ರಾಂ ಶುದ್ಧ ಸುಣ್ಣಕಲ್ಲನ್ನು ಸುಟ್ಟರೆ ೫೬ ಕಿಲೋಗ್ರಾಂ ಸುಟ್ಟಸುಣ್ಣ ಉಳಿಯುತ್ತದೆ, ೪೪ ಕಿಲೋಗ್ರಾಂ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. ಅದಕ್ಕೆ ೧೮ ಕಿಲೋಗ್ರಾಂ ನೀರು ಕೂಡಿದರೆ ೭೪ ಕಿಲೋಗ್ರಾಂ ಅರಳಿದ ಸುಣ್ಣ. ಗೋಡೆಯ ಮೇಲೆ ಅದು ನಿಧಾನವಾಗಿ ಗಾಳಿಯಿಂದ ೪೪ ಕಿಲೋಗ್ರಾಂ ಇಂಗಾಲದ ಡೈಆಕ್ಸೈಡನ್ನು ಹಿಂದಕ್ಕೆ ಪಡೆದು, ೧೮ ಕಿಲೋಗ್ರಾಂ ನೀರನ್ನು ಬಿಟ್ಟು, ಮತ್ತೆ ೧೦೦ ಕಿಲೋಗ್ರಾಂ ಕಲ್ಲಾಗುತ್ತದೆ. ಕಲ್ಲು ಕಲ್ಲಿಗೇ ಮರಳುವ ಇಂಥ ಚಕ್ರ ನಮ್ಮ ಪಠ್ಯಪುಸ್ತಕಗಳಲ್ಲಿ ವಿರಳ. ಆದರೆ ಗೂಡಿನಲ್ಲಿ ಉರಿದ ಸೌದೆ ಅಥವಾ ಕಲ್ಲಿದ್ದಲಿನ ಹೊಗೆಯನ್ನು ಯಾವ ಗೋಡೆಯೂ ಹಿಂದಕ್ಕೆ ಪಡೆಯದು. ಸುಣ್ಣ ಪೂರ್ತಿಯಾಗಿ ಹಸಿರೆಂದು ಹೊಗಳುವವರೂ, ಅದು ಹಳೆಯ ಕಾಲದ್ದೆಂದು ತಳ್ಳುವವರೂ ಈ ಲೆಕ್ಕವನ್ನು ಅರ್ಧಕ್ಕೇ ನಿಲ್ಲಿಸಿರುತ್ತಾರೆ.

ವಿಶಾಖಪಟ್ಟಣದ ನೈರುತ್ಯಕ್ಕಿರುವ ಏಟಿಕೊಪ್ಪಾಕ ಗ್ರಾಮ ಮರದ ಬೊಂಬೆಗಳಿಗೆ ಪ್ರಸಿದ್ಧ. ಅಲ್ಲಿ ‘ಅಂಕುಡು’ ಎನ್ನುವ ಮರ ನಮ್ಮ ಚನ್ನಪಟ್ಟಣದ ಬೊಂಬೆಗಳ ಆಲೆಮರವೇ. ಎರಡೂ ಕಡೆ ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿದಾಗ ಉಜ್ಜುವಿಕೆಯ ಕಾವಿನಿಂದಲೇ ಅರಗು ಕರಗಿ ಅಂಟಿಕೊಳ್ಳುತ್ತದೆ. ಇದು ಕಟ್ಟಡದ ಲೇಪವಲ್ಲ. ಆದರೆ ಯಾವ ದ್ರಾವಕವೂ ಬೇಡದ, ಆವಿಯಾಗಿ ಗಾಳಿಗೆ ಸೇರುವ ಯಾವ ಅಂಶವೂ ಇಲ್ಲದ ಲೇಪನ ವಿಧಾನಕ್ಕೆ ಇದಕ್ಕಿಂತ ಸರಳವಾದ ನಿದರ್ಶನ ಸಿಗಲಾರದು.

೫

ಈ ಎರಡು ಊರುಗಳನ್ನು ಒಂದುಗೂಡಿಸಿದ್ದು ಒಂದು ವಿಶ್ವವಿದ್ಯಾನಿಲಯ. ಆಂಧ್ರ ವಿಶ್ವವಿದ್ಯಾನಿಲಯ ೧೯೨೬ರಲ್ಲಿ ಬೆಜವಾಡದಲ್ಲಿ, ಎಂದರೆ ಇಂದಿನ ವಿಜಯವಾಡದಲ್ಲಿ, ಆರಂಭವಾಯಿತು. ೧೯೩೦ರಲ್ಲಿ ವಿಶಾಖಪಟ್ಟಣದ ವಾಲ್ತೇರಿಗೆ ನೆಲೆಯನ್ನು ಬದಲಿಸಿತು. ಅದರ ಮೊದಲ ಕುಲಪತಿ ಕಟ್ಟಮಂಚಿ ರಾಮಲಿಂಗಾ ರೆಡ್ಡಿಯವರು ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಅಧ್ಯಾಪಕರಾಗಿ, ಆಮೇಲೆ ಮೈಸೂರು ಸಂಸ್ಥಾನದ ವಿದ್ಯಾ ಇಲಾಖೆಯ ಮುಖ್ಯಾಧಿಕಾರಿಯಾಗಿ ಕೆಲಸ ಮಾಡಿದವರು. ಅವರ ತರುವಾಯ ೧೯೩೧ರಲ್ಲಿ ಕುಲಪತಿಯಾದ ಸರ್ವೇಪಲ್ಲಿ ರಾಧಾಕೃಷ್ಣನ್ ಅವರೂ ೧೯೧೮ರಿಂದ ೧೯೨೧ರವರೆಗೆ ಮೈಸೂರಿನಲ್ಲಿ ತತ್ತ್ವಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. ಮೈಸೂರಿನ ಅನುಭವ ವಾಲ್ತೇರಿನ ವಿದ್ಯಾಸಂಸ್ಥೆಯ ಬುನಾದಿಯಲ್ಲಿದೆ ಎಂದರೆ ತಪ್ಪಾಗಲಾರದು.

ಜಯಪುರದ ಮಹಾರಾಜ ವಿಕ್ರಮದೇವ ವರ್ಮರ ದಾನದಿಂದ ವಾಲ್ತೇರಿನಲ್ಲಿ ವಿಜ್ಞಾನ ಮತ್ತು ತಂತ್ರವಿದ್ಯಾ ಕಾಲೇಜು ಬೆಳೆಯಿತು. ೧೯೩೩ರಲ್ಲಿ ಅಲ್ಲಿಗೆ ಬಂದ ಟಿ. ಆರ್. ಶೇಷಾದ್ರಿಯವರು ೧೯೪೯ರಲ್ಲಿ ದೆಹಲಿಗೆ ಹೋಗುವವರೆಗೆ ರಸಾಯನಶಾಸ್ತ್ರ ವಿಭಾಗವನ್ನು ಕಟ್ಟಿದರು. ಹತ್ತಿಯ ಹೂವು ಮೊದಲಾದುವುಗಳ ವರ್ಣದ್ರವ್ಯಗಳ ರಚನೆಯನ್ನು ಅವರೂ ಅವರ ಶಿಷ್ಯರೂ ನಿರ್ಧರಿಸಿದರು. ಇಂಗ್ಲೆಂಡಿನಲ್ಲಿ ರಾಬರ್ಟ್ ರಾಬಿನ್ಸನ್ ಅವರ ಬಳಿ ಕಲಿತ ವಿದ್ಯೆಯನ್ನು ಅವರು ನಮ್ಮ ಹೊಲದ ಹೂವಿಗೆ ಅನ್ವಯಿಸಿದರು. ಸಂಶೋಧನೆಗೆ ಬೇಕಾದ ಪದಾರ್ಥ ಬೇಲಿಯಾಚೆಯೇ ದೊರೆಯಬಹುದೆಂಬುದಕ್ಕೆ ಇದೊಂದು ಉದಾಹರಣೆ.

ಇತ್ತ ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ೧೯೩೭ರಲ್ಲಿ, ಅರಗು ಮತ್ತು ಬಣ್ಣದ ಕಾರ್ಖಾನೆ ಸ್ಥಾಪಿತವಾಯಿತು. ಕಾಡಿನ ಅರಗಿಗೆ ಬೆಲೆ ತಂದುಕೊಡುವುದು ಅದರ ಉದ್ದೇಶವಾಗಿತ್ತು. ೧೯೬೨ರ ಚುನಾವಣೆಯಿಂದ ಮತದಾರರ ಬೆರಳಿಗೆ ಹಚ್ಚುವ ಅಳಿಸದ ಶಾಯಿಯನ್ನು ತಯಾರಿಸುತ್ತಿರುವ ಸಂಸ್ಥೆಯೂ ಇದೇ. ಕನ್ನಡದಲ್ಲಿ ವಿಜ್ಞಾನವನ್ನು ಹೇಳುವ ಯತ್ನವೂ ಇದಕ್ಕೆ ಮೊದಲೇ ಆರಂಭವಾಗಿತ್ತು. ಬೆಳ್ಳಾವೆ ವೆಂಕಟನಾರಣಪ್ಪನವರು ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ಯರು ೧೯೧೮ರಲ್ಲಿ ‘ವಿಜ್ಞಾನ’ ಎಂಬ ಮಾಸಪತ್ರಿಕೆಯನ್ನು ಹೊರಡಿಸಿದ್ದರು. ಅದು ಎರಡು ವರ್ಷ ಮಾತ್ರ ನಡೆಯಿತು.

೬

ವಿಶಾಖಪಟ್ಟಣದ ಬಂದರು ೧೯೩೩ರಲ್ಲಿ ತೆರೆಯಿತು. ೧೯೫೭ರಲ್ಲಿ ತೈಲ ಶುದ್ಧೀಕರಣ ಕೇಂದ್ರ, ೧೯೬೭ರಲ್ಲಿ ಗೊಬ್ಬರದ ಕಾರ್ಖಾನೆ, ಅನಂತರ ಉಕ್ಕಿನ ಕಾರ್ಖಾನೆ ಬಂದುವು. ಉಪ್ಪುಗಾಳಿಯ ಜೊತೆಗೆ ಗಂಧಕದ ಹೊಗೆಯೂ ಸೇರಿದಲ್ಲಿ ಸುಣ್ಣದ ಗಾರೆ ಕ್ರಮೇಣ ಜಿಪ್ಸಮ್ ಆಗಿ ಉಬ್ಬಿ ಉದುರುತ್ತದೆ. ಹಳೆಯ ಲೇಪ ಹಳೆಯ ಗಾಳಿಗಾಗಿ ಹುಟ್ಟಿದ್ದು. ಗಾಳಿ ಬದಲಾದ ಮೇಲೆ ಲೇಪವೂ ಬದಲಾಗಬೇಕಾಯಿತು. ಸಿಮೆಂಟು, ಎಣ್ಣೆಬಣ್ಣ, ಎಮಲ್ಶನ್ ಬಣ್ಣಗಳು ಬಂದುದು ಕೇವಲ ಮೋಹದಿಂದಲ್ಲ.

ಆದರೆ ಹೊಸತರಲ್ಲಿ ಹೊಸ ವಿಷವೂ ಇತ್ತು. ಬಿಳುಪಿಗಾಗಿ, ಬೇಗ ಒಣಗುವುದಕ್ಕಾಗಿ ಬಣ್ಣಗಳಲ್ಲಿ ಸೀಸದ ಸಂಯುಕ್ತಗಳನ್ನು ಬಳಸುತ್ತಿದ್ದರು. ಉದುರಿದ ಪುಡಿ ಮಕ್ಕಳ ದೇಹ ಸೇರಿ ಮಿದುಳಿಗೆ ಹಾನಿ ಮಾಡುತ್ತದೆ. ೧೯೯೯ರಲ್ಲಿ ಬೆಂಗಳೂರಿನಲ್ಲಿ ಈ ಬಗ್ಗೆ ಅಂತಾರಾಷ್ಟ್ರೀಯ ಸಮ್ಮೇಳನವೊಂದು ನಡೆಯಿತು. ಗೃಹೋಪಯೋಗಿ ಬಣ್ಣಗಳಲ್ಲಿ ಸೀಸ ದಶಲಕ್ಷಕ್ಕೆ ೯೦ ಭಾಗವನ್ನು ಮೀರಬಾರದೆಂಬ ಕೇಂದ್ರ ಸರ್ಕಾರದ ನಿಯಮ ೨೦೧೬ರಲ್ಲಿ ಹೊರಟು ೨೦೧೭ರ ನವೆಂಬರಿನಿಂದ ಜಾರಿಗೆ ಬಂತು. ಸೀಸದ ಸ್ಥಾನಕ್ಕೆ ಬಂದ ಟೈಟಾನಿಯಂ ಡೈಆಕ್ಸೈಡಿನ ಅದಿರು ಇಲ್ಮೆನೈಟ್ ಭೀಮುನಿಪಟ್ಟಣದ ಮರಳಿನಲ್ಲಿಯೇ ಕಪ್ಪಗೆ ಬೆರೆತಿದೆ. ಗೋಡೆಯ ಮೇಲೆ ಅದು ನಿರಪಾಯಕಾರಿ. ಆದರೆ ಗಂಧಕಾಮ್ಲದ ವಿಧಾನದಲ್ಲಿ ಅದನ್ನು ತಯಾರಿಸುವಾಗ ಆಮ್ಲಯುಕ್ತ ಕೊಳೆನೀರು ಹೇರಳವಾಗಿ ಉಳಿಯುತ್ತದೆ.

ಈ ಮಾತಿನ ಗಂಭೀರತೆ ೨೦೨೦ರ ಮೇ ೭ರ ನಸುಕಿನಲ್ಲಿ ಎಲ್ಲರಿಗೂ ಮನದಟ್ಟಾಯಿತು. ವಿಶಾಖಪಟ್ಟಣದ ಆರ್. ಆರ್. ವೆಂಕಟಾಪುರದ ಎಲ್. ಜಿ. ಪಾಲಿಮರ್ಸ್ ಕಾರ್ಖಾನೆಯ ತೊಟ್ಟಿಯಿಂದ ಸ್ಟೈರೀನ್ ಆವಿ ಹೊರಬಿದ್ದು ೧೨ ಜನ ಪ್ರಾಣ ಕಳೆದುಕೊಂಡರು. ನೂರಾರು ಮಂದಿ ಆಸ್ಪತ್ರೆ ಸೇರಿದರು. ೧೯೬೧ರಲ್ಲಿ ಹಿಂದೂಸ್ತಾನ್ ಪಾಲಿಮರ್ಸ್ ಎಂದು ಹುಟ್ಟಿದ ಈ ಕಾರ್ಖಾನೆ ೧೯೭೮ರಿಂದ ಕೆಲವು ಕಾಲ ಬೆಂಗಳೂರಿನ ಉದ್ಯಮ ಸಮೂಹವೊಂದರಲ್ಲಿದ್ದು, ೧೯೯೭ರಲ್ಲಿ ಕೊರಿಯಾದ ಸಂಸ್ಥೆಗೆ ಸೇರಿತ್ತು. ಅಲ್ಲಿ ತಯಾರಾಗುತ್ತಿದ್ದುದು ಪಾಲಿಸ್ಟೈರೀನ್ ಪ್ಲಾಸ್ಟಿಕ್ಕು, ಬಣ್ಣವಲ್ಲ. ಆದರೆ ನೀರಿನಲ್ಲಿ ಕಲಸುವ, ವಾಸನೆಯಿಲ್ಲದ, ‘ಸುರಕ್ಷಿತ’ ಎನಿಸಿದ ಅನೇಕ ಗೋಡೆಬಣ್ಣಗಳ ಅಂಟಿಗೂ ಇದೇ ಸ್ಟೈರೀನ್ ಒಂದು ಮೂಲದ್ರವ್ಯ. ಸ್ಟೈರೀನ್ ತನ್ನಷ್ಟಕ್ಕೇ ಸರಪಣಿಯಾಗಿ ಬೆಳೆಯುವ ಸ್ವಭಾವದ್ದು. ಹಾಗೆ ಬೆಳೆಯುವಾಗ ಶಾಖ ಹೊಮ್ಮುತ್ತದೆ, ಶಾಖದಿಂದ ಬೆಳವಣಿಗೆ ಮತ್ತಷ್ಟು ವೇಗಗೊಳ್ಳುತ್ತದೆ. ಆದುದರಿಂದ ಅದನ್ನು ತಂಪಾಗಿಟ್ಟು, ತಡೆದ್ರವ್ಯವನ್ನು ಬೆರೆಸಿಡಬೇಕು. ಬೀಗಮುದ್ರೆಯ ದಿನಗಳಲ್ಲಿ ದ್ರವ ತೊಟ್ಟಿಯಲ್ಲಿಯೇ ನಿಂತಿತ್ತು. ಉಷ್ಣತೆಯ ನಿಯಂತ್ರಣದಲ್ಲಿಯೂ ತಡೆದ್ರವ್ಯದಲ್ಲಿಯೂ ಕೊರತೆಯಿತ್ತೆಂದು ತನಿಖೆಗಳು ತೋರಿಸಿದವು. ಸತ್ತವರು ಆ ರಾತ್ರಿ ತಮ್ಮ ಮನೆಗಳಲ್ಲಿ ಮಲಗಿದ್ದ ನೆರೆಹೊರೆಯವರು. ಹನ್ನೆರಡು ತತ್ತ್ವಗಳಲ್ಲಿ ಕೊನೆಯದು ಅಪಘಾತಕ್ಕೆ ಎಡೆಯಿಲ್ಲದ ಪದಾರ್ಥವನ್ನೂ ಅದರ ರೂಪವನ್ನೂ ಆಯ್ದುಕೊಳ್ಳಬೇಕೆಂದು ಹೇಳುತ್ತದೆ. ಪರೀಕ್ಷೆಯಲ್ಲಿ ಇದನ್ನು ಬರೆದು ಅಂಕ ಪಡೆಯುವ ವಿದ್ಯಾರ್ಥಿ ವೆಂಕಟಾಪುರದ ಹೆಸರನ್ನು ಕೇಳಿರದಿದ್ದರೆ ಆ ಕಲಿಕೆ ಅಪೂರ್ಣ.

೭

ಇಷ್ಟು ಚರಿತ್ರೆಯಿಂದ ಬೋಧನೆಗೆ ದೊರೆಯುವುದೇನು? ಮೊದಲನೆಯದಾಗಿ, ಸ್ಥಳದ ಗೋಡೆಯೇ ಪ್ರಯೋಗಶಾಲೆಯಾಗಬಹುದು. ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ ಹಸಿರು ರಸಾಯನಶಾಸ್ತ್ರದ ಪ್ರಯೋಗಗಳ ಕೈಪಿಡಿಯನ್ನು ಹೊರತಂದಿದೆ. ಅದರ ಜೊತೆಗೆ ಸುಣ್ಣದ ಚಕ್ರವನ್ನು ತೂಕ ಹಾಕಿ ತೋರಿಸುವುದು, ಮೊಸರು ಮತ್ತು ತುಪ್ಪಗಳನ್ನು ಸೇರಿಸಿದ ಗಾರೆಯ ತುಂಡುಗಳ ಮೇಲೆ ನೀರು ಹನಿಸಿ ಹೋಲಿಸುವುದು ಯಾವ ಶಾಲೆಗೂ ಸಾಧ್ಯ. ಅರಿಸಿನದ ನೀರಿಗೆ ಸುಣ್ಣ ಬಿದ್ದರೆ ಕೆಂಪಾಗುವುದನ್ನು ಆರತಿಯ ತಟ್ಟೆಯಲ್ಲಿ ನಮ್ಮ ಮಕ್ಕಳೆಲ್ಲ ನೋಡಿದ್ದಾರೆ. ಅದೇ ನೀರನ್ನು ತಾವೇ ಮಾಡಿದ ಗಾರೆಯ ತುಂಡಿಗೆ ಹಚ್ಚಿದರೆ ಹಸಿಯದು ಕೆಂಪಾಗುತ್ತದೆ. ತಿಂಗಳುಗಟ್ಟಲೆ ಗಾಳಿಯಲ್ಲಿಟ್ಟುದರ ಮೇಲ್ಮೈ ಬಹುಮಟ್ಟಿಗೆ ಹಳದಿಯಾಗಿಯೇ ಉಳಿಯುತ್ತದೆ. ಸುಣ್ಣ ಕಲ್ಲಾದುದನ್ನು ಕಣ್ಣಾರೆ ಕಾಣುವ ಬಗೆ ಇದು. ಇಂಥ ಪ್ರಯೋಗವನ್ನು ಸ್ಮಾರಕಗಳ ಮೇಲೆ ಮಾಡಕೂಡದು. ಸುಟ್ಟಸುಣ್ಣ ಕಣ್ಣನ್ನು ಸುಡುವುದೆಂಬ ಎಚ್ಚರಿಕೆಯನ್ನೂ ಮೊದಲೇ ಹೇಳಬೇಕು. ನೈಸರ್ಗಿಕವಾದುದೆಲ್ಲ ನಿರಪಾಯವಲ್ಲ ಎಂಬ ಪಾಠವೂ ಅದರಲ್ಲಿದೆ.

ಎರಡನೆಯದಾಗಿ, ‘ರಕ್ಷಣೆ’ ಎಂಬುದರ ಅರ್ಥವನ್ನು ಮರುಚಿಂತಿಸಬೇಕು. ವರಾಹಮಿಹಿರನ ಲೇಪ ಕೋಟಿ ವರ್ಷ ಬಾಳಲೆಂದು ಬಯಸಿತು. ಕೆಲಸ ಮುಗಿದ ಮೇಲೆ ಪದಾರ್ಥ ನಿಸರ್ಗದಲ್ಲಿ ಲೀನವಾಗಬೇಕೆಂದು ಹತ್ತನೆಯ ತತ್ತ್ವ ಬಯಸುತ್ತದೆ. ಈ ಎರಡು ಬಯಕೆಗಳ ವಿರೋಧಕ್ಕೆ ನಮ್ಮ ಹಿರಿಯರು ಕಂಡುಕೊಂಡ ಪರಿಹಾರ ವರ್ಷಕ್ಕೊಮ್ಮೆ ಹಬ್ಬದ ಮುಂಚೆ ಸುಣ್ಣ ಹೊಡೆಯುವುದು. ತಾನು ಸವೆದು ಗೋಡೆಯನ್ನು ಉಳಿಸುವ, ಮತ್ತೆ ಬಳಿಯಲು ಸುಲಭವಾದ ಲೇಪವದು. ಹಳೆಯ ಗಾರೆಯ ಮೇಲೆ ಸಿಮೆಂಟನ್ನೋ ಪ್ಲಾಸ್ಟಿಕ್ ಬಣ್ಣವನ್ನೋ ಬಳಿದಾಗ ಒಳಗಿನ ತೇವ ಹೊರಬರಲಾರದೆ, ಉಪ್ಪು ಹರಳುಗಟ್ಟಿ ಗೋಡೆಯನ್ನೇ ಸಿಡಿಸುತ್ತದೆ. ಶಾಶ್ವತವೆಂದು ಕೊಂಡ ಲೇಪ ಹಲವೆಡೆ ಹಳೆಯ ಕಟ್ಟಡಗಳ ಆಯುಸ್ಸನ್ನು ಕಡಿಮೆ ಮಾಡಿದೆ.

ಮೂರನೆಯದು ನಮ್ಮ ಶಾಸ್ತ್ರಕ್ಕೇ ಸಂಬಂಧಿಸಿದ್ದು. ದೇವಾಲಯಗಳ ಗೋಡೆಯ ಸುಣ್ಣದ ಪದರಗಳ ಕೆಳಗೆ ಎಷ್ಟೋ ಶಾಸನಗಳು ಅಡಗಿರುವುದನ್ನು ಶಾಸನಶೋಧಕರು ಬಲ್ಲರು. ಸುಣ್ಣ ಅ ಅಕ್ಷರಗಳನ್ನು ಮರೆಮಾಡಿದೆ. ಆದರೆ ಮಳೆಗಾಳಿಗಳಿಂದ ಕಾಪಾಡಿಯೂ ಇದೆ, ಜಾಗರೂಕತೆಯಿಂದ ತೆಗೆದರೆ ಬಿಟ್ಟುಕೊಡುತ್ತದೆ. ಎನಾಮಲ್ ಬಣ್ಣ ಅಷ್ಟು ಸುಲಭವಾಗಿ ಬಿಟ್ಟುಕೊಡದು. ಆದುದರಿಂದ ಯಾವ ಗೋಡೆಗೆ ಯಾವ ಲೇಪ ಎಂಬುದು ರಸಾಯನಶಾಸ್ತ್ರಜ್ಞರೂ ಚರಿತ್ರಕಾರರೂ ಕೂಡಿ ನಿರ್ಣಯಿಸಬೇಕಾದ ವಿಷಯ.

ಸುಣ್ಣದ ಗೂಡುಗಳು ಒಂದೊಂದಾಗಿ ಆರುತ್ತಿವೆ. ಗಾರೆಯನ್ನು ಎಷ್ಟು ದಿನ ಕೊಳೆಹಾಕಬೇಕು, ಬೆಲ್ಲ ಎಷ್ಟು, ಅಳಲೆ ಎಷ್ಟು ಎಂಬುದನ್ನು ಕೈಯಿಂದಲೇ ಬಲ್ಲ ಮುದುಕರು ಆಂಧ್ರದಲ್ಲಿಯೂ ಕರ್ನಾಟಕದಲ್ಲಿಯೂ ಇನ್ನೂ ಕೆಲವರಿದ್ದಾರೆ. ಪೈಕನು ಬರೆಯದೆ ಬಿಟ್ಟ ಹೆಸರುಗಳನ್ನು ಈಗಲಾದರೂ ಬರೆಯಬಹುದು. ಗಾರೆ ಕೆಲಸದ ಕನ್ನಡ–ತೆಲುಗು ಪದಕೋಶವೊಂದನ್ನು ರಸಾಯನಶಾಸ್ತ್ರದ ಅಧ್ಯಾಪಕರ ನೆರವಿನಿಂದ ಸಿದ್ಧಪಡಿಸುವುದು ನಮ್ಮಂಥ ಪೀಠಗಳು ಕೈಗೊಳ್ಳಬಹುದಾದ ಕೆಲಸ. ಈ ಸೂಚನೆಯನ್ನು ವಿದ್ವಾಂಸರ ಪರಿಶೀಲನೆಗೆ ಒಪ್ಪಿಸಿ ಲೇಖನವನ್ನು ಮುಗಿಸುತ್ತೇವೆ.